ಆಸ್ಪತ್ರೆ ಫೈಲು ಊರ ಬಾಯಿಗೆ ಬೀಳದಂತೆ: ಕೊಡಗಿನ ರೋಗಿಗಳಿಗೆ, ಮನೆಯವರಿಗೆ ಒಂದು ಮಾರ್ಗದರ್ಶಿ

"ನನ್ನ ರಿಪೋರ್ಟನ್ನು ಆಸ್ಪತ್ರೆಯವರು ಬೇರೆಯವರಿಗೆ ತೋರಿಸಬಹುದಾ?" ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಓದುಗರು ಬೇರೆಬೇರೆ ಮಾತಿನಲ್ಲಿ ಕೇಳುತ್ತಲೇ ಇರುವ ಪ್ರಶ್ನೆ ಇದು. ಉತ್ತರ ಚಿಕ್ಕದು: ನಿಮ್ಮ ಒಪ್ಪಿಗೆಯಿಲ್ಲದೆ ತೋರಿಸುವಂತಿಲ್ಲ, ಕಾನೂನೇ ಹೇಳಿದ ಕೆಲವು ಸಂದರ್ಭ ಬಿಟ್ಟು. ಆದರೆ ಈ ಉತ್ತರ ತಿಳಿದುಕೊಂಡು ಆಗುವ ಉಪಯೋಗ ಅಷ್ಟಕ್ಕಷ್ಟೆ. ನಾನು ಕಂಡ ಮಟ್ಟಿಗೆ ನಮ್ಮ ಕಡೆ ಗುಟ್ಟು ಹೊರಬೀಳುವುದು ಆಸ್ಪತ್ರೆಯ ಕಂಪ್ಯೂಟರಿಗೆ ಯಾರೋ ಕನ್ನ ಹಾಕಿದ್ದರಿಂದಲ್ಲ. ಕೌಂಟರಿನಲ್ಲಿ ಕೊಟ್ಟ ಪಕ್ಕದ ಮನೆಯವರ ಫೋನ್ ನಂಬರಿನಿಂದ, ಜೆರಾಕ್ಸ್ ಅಂಗಡಿಗೆ ಕಳಿಸಿದ ಪಿಡಿಎಫ್‌ನಿಂದ, ಸಹಾಯ ಕೇಳಿ ಗ್ರೂಪಿಗೆ ಹಾಕಿದ ಫೋಟೋದಿಂದ.

ಇನ್ನೊಂದು ಮಾತು. ಬೆಂಗಳೂರಿನಲ್ಲಾದರೆ ರಿಪೋರ್ಟಿನ ಮೇಲಿನ ಹೆಸರು ಅಳಿಸಿದರೆ ಬಹುತೇಕ ಮುಗಿಯಿತು. ಇಲ್ಲಿ ಮನೆಹೆಸರು, ಊರು, ವಯಸ್ಸು ಮೂರು ಗೊತ್ತಾದರೆ ಸಾಕು, ಹೆಸರನ್ನು ಓದುವವರೇ ತುಂಬಿಕೊಳ್ಳುತ್ತಾರೆ. ಹಾಗಾಗಿ ಮುಂದಿನ ಹಂತಗಳಲ್ಲಿ ಕೆಲವು ನಿಮಗೆ ಅತಿ ಅನ್ನಿಸಬಹುದು. ಅತಿ ಅಲ್ಲ.

ಕಾನೂನು ಏನು ಹೇಳುತ್ತದೆ

ಹೊರದೇಶದಲ್ಲಿರುವ ಮಕ್ಕಳು ಫೋನಿನಲ್ಲಿ "ಹಿಪಾ ಪ್ರಕಾರ ಕೇಳಿ" ಎನ್ನುತ್ತಾರೆ. ಹಿಪಾ ಎಂದರೆ ರೋಗಿಗಳ ಮಾಹಿತಿ ಕಾಯುವ 1996ರ ಅಮೆರಿಕದ ಕಾನೂನು. ಮಡಿಕೇರಿಯ ಕೌಂಟರಿನಲ್ಲಿ ಅದರ ಹೆಸರು ಹೇಳಿದರೆ ಆಚೆಯವರು ಮುಖ ನೋಡುತ್ತಾರೆ, ಅಷ್ಟೆ. ನಮ್ಮಲ್ಲಿ ಇದಕ್ಕೆಂದು ಒಂದೇ ಕಾಯ್ದೆ ಇಲ್ಲ; ನಾಲ್ಕಾರು ಕಡೆ ಹಂಚಿಹೋಗಿದೆ.

ಬುನಾದಿ ಎಂದರೆ 2017ರ ಆಗಸ್ಟ್ 24ರ ಸುಪ್ರೀಂ ಕೋರ್ಟ್ ತೀರ್ಪು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಮೊಕದ್ದಮೆಯಲ್ಲಿ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದಿತು. ದಿನನಿತ್ಯಕ್ಕೆ ಹೆಚ್ಚು ಉಪಯೋಗಕ್ಕೆ ಬರುವುದು ಮಾತ್ರ ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ. ರೋಗಿಯ ಗುಟ್ಟು ಕಾಯುವುದು ವೈದ್ಯರ ಕರ್ತವ್ಯ ಎಂದು ಅದರಲ್ಲಿದೆ. ದಾಖಲೆಗಳ ಬಗ್ಗೆಯೂ ಇದೆ, ಆ ವಿಷಯಕ್ಕೆ 4ನೇ ಹಂತದಲ್ಲಿ ಬರುತ್ತೇನೆ.

ಕೆಲವು ಕಾಯಿಲೆ, ಕೆಲವು ಸಂದರ್ಭಗಳಿಗೆ ಬಿಗಿಯಾದ ಪ್ರತ್ಯೇಕ ಕಾನೂನುಗಳಿವೆ. ಎಚ್‌ಐವಿ ಇದೆಯೋ ಇಲ್ಲವೋ ಎಂಬುದನ್ನು ಲಿಖಿತ ಒಪ್ಪಿಗೆ ಇಲ್ಲದೆ ಹೊರಗೆ ಹೇಳುವಂತಿಲ್ಲ (2017ರ ಕಾಯ್ದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ). ಮಾನಸಿಕ ಚಿಕಿತ್ಸೆ ಪಡೆಯುವವರ ವಿವರ, ಫೋಟೋ ಮಾಧ್ಯಮಕ್ಕೆ ಕೊಡಲು ಅವರ ಒಪ್ಪಿಗೆ ಬೇಕೇ ಬೇಕು (2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ). ಗರ್ಭಪಾತ ಮಾಡಿಸಿಕೊಂಡ ಹೆಂಗಸಿನ ಹೆಸರು ಬಯಲು ಮಾಡಿದ ವೈದ್ಯರಿಗೆ 1 ವರ್ಷದವರೆಗೆ ಜೈಲು ಆಗಬಹುದು. ಈ ನಿಯಮ 2021ರ ತಿದ್ದುಪಡಿಯಲ್ಲಿ ಸೇರಿತು.

ಇನ್ನು ಎಲ್ಲರೂ ಕೇಳುವ ಹೊಸ ಕಾನೂನು, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮಾಹಿತಿ ಇಟ್ಟುಕೊಳ್ಳುವ ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಬರೀ ಕಾಗದದಲ್ಲೇ ಉಳಿದ ದಾಖಲೆಗೆ ಇದು ಅನ್ವಯಿಸುವುದಿಲ್ಲ, ಕಂಪ್ಯೂಟರಿಗೆ ಹತ್ತಿದ್ದಕ್ಕೆ ಮಾತ್ರ.

ಬೇಕಾಗುವ ಸಾಮಾನು

ಗುಂಡಿ ಹಾಕುವ ಒಂದು ಪ್ಲಾಸ್ಟಿಕ್ ಫೈಲು, ನಿಮ್ಮದೇ ಹೆಸರಿನ ಒಂದು ಮೊಬೈಲ್ ನಂಬರು, ಗುರುತಿನ ಚೀಟಿಯ ಎರಡು ಜೆರಾಕ್ಸ್ ಪ್ರತಿ, ಒಂದು ಚಿಕ್ಕ ನೋಟ್‌ಬುಕ್ಕು. ಇಷ್ಟೇ.

ಹಂತ 1: ನಿಮ್ಮ ಮಾಹಿತಿ ಎಲ್ಲೆಲ್ಲಿದೆ ಎಂದು ಬರೆದಿಡಿ

ನೋಟ್‌ಬುಕ್ಕಿನ ಒಂದು ಪುಟ ಸಾಕು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ, ಮಡಿಕೇರಿಯ ಆಸ್ಪತ್ರೆ, ಅಲ್ಲಿಂದ ಕಳಿಸಿದ ಮೈಸೂರಿನದೋ ಮಂಗಳೂರಿನದೋ ದೊಡ್ಡ ಆಸ್ಪತ್ರೆ, ನಡುವೆ ರಕ್ತ ಕೊಟ್ಟ ಲ್ಯಾಬು, ವಿಮೆ ಕಂಪನಿ, ತೋಟದ ಆಫೀಸು. ಒಂದು ಆಪರೇಷನ್ ಆಗುವಷ್ಟರಲ್ಲಿ ನಿಮ್ಮ ಫೈಲಿನ ನಕಲು ಐದಾರು ಕಡೆ ಕೂತಿರುತ್ತದೆ. ಪ್ರತಿಯೊಂದರ ಮುಂದೆ ತಾರೀಕು ಮತ್ತು ಯುಎಚ್‌ಐಡಿ ಬರೆದುಕೊಳ್ಳಿ. ಯುಎಚ್‌ಐಡಿ ಎಂದರೆ ಆಸ್ಪತ್ರೆ ನಿಮಗೆ ಕೊಡುವ ಕಾಯಂ ನಂಬರು. ಓಪಿಡಿ (ಹೊರರೋಗಿ ವಿಭಾಗದ) ಚೀಟಿಯ ತಲೆಯ ಮೇಲಿರುತ್ತದೆ.

ಹಂತ 2: ಕೌಂಟರಿನಲ್ಲಿ ಯಾರ ನಂಬರು ಕೊಟ್ಟಿದ್ದೀರಿ?

ಇಡೀ ಲೇಖನದಲ್ಲಿ ಒಂದನ್ನೇ ಓದುವುದಾದರೆ ಈ ಹಂತ ಓದಿ.

ತೋಟದ ಕೆಲಸದವರ ಲೈನ್ ಮನೆಯಿಂದ ಬಂದವರು, ಸಂಬಳದ ಲೆಕ್ಕ ಬರೆಯುವ ರೈಟರ ನಂಬರು ಹೇಳುತ್ತಾರೆ. ಹಾಡಿಯಿಂದ, ಅಂದರೆ ಬುಡಕಟ್ಟು ಜನರ ಕೇರಿಯಿಂದ ಬಂದವರು ಜೊತೆಗೆ ಬಂದ ಜೀಪಿನವನ ನಂಬರು ಹೇಳುತ್ತಾರೆ. ವಯಸ್ಸಾದವರು, ತಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲವೆಂದು, ಸಿಗ್ನಲ್ ಇರುವ ಪಕ್ಕದ ಮನೆಯವರದ್ದು. ಆ ಹೊತ್ತಿಗೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಮೂರು ದಿನ ಬಿಟ್ಟು ಆ ಫೋನಿಗೆ ಮೆಸೇಜು ಬರುತ್ತದೆ: ನಿಮ್ಮ ರಿಪೋರ್ಟ್ ಸಿದ್ಧವಾಗಿದೆ, ಕೆಳಗಿನ ಲಿಂಕ್ ಒತ್ತಿ. ಎಷ್ಟೋ ಲ್ಯಾಬುಗಳ ಲಿಂಕಿಗೆ ಪಾಸ್‌ವರ್ಡೂ ಇರುವುದಿಲ್ಲ. ಒತ್ತಿದವರಿಗೆ ನಿಮ್ಮ ಹೆಸರು, ವಯಸ್ಸು, ಯಾವ ಪರೀಕ್ಷೆ, ಫಲಿತಾಂಶ ಏನು, ಎಲ್ಲ ತೆರೆದುಕೊಳ್ಳುತ್ತದೆ. ಮುಂದಿನ ಸಲ ಹೋದಾಗಲೂ ಅದೇ ನಂಬರಿಗೇ ಹೋಗುತ್ತದೆ, ಯಾಕೆಂದರೆ ಯುಎಚ್‌ಐಡಿ ಜೊತೆ ಅದು ಅಂಟಿಕೊಂಡಿದೆ.

ಮಾಡಬೇಕಾದದ್ದು ಇಷ್ಟು. ಮುಂದಿನ ಸಲ ಚೀಟಿ ಮಾಡಿಸುವಾಗ "ನನ್ನ ಹೆಸರಿನಲ್ಲಿ ಯಾವ ನಂಬರಿದೆ, ಒಮ್ಮೆ ಓದಿ ಹೇಳಿ" ಎಂದು ಕೇಳಿ. ಬೇರೆಯವರದ್ದಾಗಿದ್ದರೆ ಬದಲಾಯಿಸಿಕೊಳ್ಳಿ. ಸ್ವಂತ ಫೋನೇ ಇಲ್ಲದವರು "ಮೆಸೇಜ್ ಬೇಡ, ಚೀಟಿ ತೋರಿಸಿ ಕೈಯಲ್ಲೇ ರಿಪೋರ್ಟ್ ತಗೊಳ್ತೀನಿ" ಎನ್ನಲಿ. ಇನ್ನೊಬ್ಬರ ನಂಬರು ಕೊಡಲೇಬೇಕಾದರೆ, ನಿಮ್ಮ ಕಾಯಿಲೆ ಅವರಿಗೆ ಗೊತ್ತಾದರೂ ಪರವಾಗಿಲ್ಲ ಎನ್ನುವಂಥ ಒಬ್ಬರದ್ದನ್ನು ಮಾತ್ರ ಕೊಡಿ. ನಿಮ್ಮ ಸಂಬಳ ಬರೆಯುವವರದ್ದು ಬೇಡ.

ಹಂತ 3: ಡಾಕ್ಟರ ಮುಂದೆ

ಓಪಿಡಿ ಕೋಣೆಯಲ್ಲಿ ನಿಮ್ಮ ಹಿಂದೆ ಇನ್ನೂ ಮೂರು ಜನ ನಿಂತಿರುವುದು ಹೊಸದಲ್ಲ. ಹೇಳಿಕೊಳ್ಳಲು ಸಂಕೋಚದ ವಿಷಯವಿದ್ದರೆ "ಡಾಕ್ಟ್ರೇ, ಒಂದೆರಡು ನಿಮಿಷ ಒಬ್ಬಳೇ ಮಾತಾಡಬೇಕಿತ್ತು" ಎಂದುಬಿಡಿ. ಇಷ್ಟು ಹೇಳಲು ಯಾವ ಕಲಮೂ ಗೊತ್ತಿರಬೇಕಾಗಿಲ್ಲ, ಹೆಚ್ಚಿನ ವೈದ್ಯರು ಒಪ್ಪುತ್ತಾರೆ. ನಿಮ್ಮ ಜೊತೆ ಬಂದವರನ್ನೂ ಹೊರಗೆ ಕಳಿಸಿ ಎನ್ನಬಹುದು. ಗಂಡ, ಅತ್ತೆ, ಅಣ್ಣ ಯಾರಾದರೂ ಸರಿ. ಮನೆಯವರು ಎಂದ ಮಾತ್ರಕ್ಕೆ ಎಲ್ಲ ತಿಳಿಯುವ ಹಕ್ಕು ತಾನಾಗಿ ಬರುವುದಿಲ್ಲ. ಹೆಂಗಸರನ್ನು ಪುರುಷ ವೈದ್ಯರು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಜೊತೆಯಲ್ಲಿರಬೇಕು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕು ಸನ್ನದು ಹೇಳುತ್ತದೆ.

ಮಡಿಕೇರಿಯ ಜಿಲ್ಲಾ ಆಸ್ಪತ್ರೆ ವೈದ್ಯಕೀಯ ಕಾಲೇಜಿಗೆ ಸೇರಿದ್ದು, ಮೈಸೂರಿನ ಕೆ.ಆರ್. ಆಸ್ಪತ್ರೆಯೂ ಹಾಗೆಯೇ. ಇಂಥ ಕಡೆ ವಿದ್ಯಾರ್ಥಿಗಳು ಹಾಸಿಗೆ ಸುತ್ತ ನಿಲ್ಲುತ್ತಾರೆ, ಅವರೂ ಕಲಿಯಬೇಕಲ್ಲ. ನಿಮಗೆ ಒಗ್ಗದಿದ್ದರೆ ಬೇಡ ಎನ್ನಬಹುದು, ಅದಕ್ಕಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಗಾಯದ, ಚರ್ಮದ ಫೋಟೋ ತೆಗೆಯುವಾಗ ಯಾವುದಕ್ಕೆ ಎಂದು ಕೇಳಿ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ ಸಹಿಗೆ ಮೊದಲು ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ.

ಹಂತ 4: ನಿಮ್ಮ ದಾಖಲೆಯ ನಕಲು ಪಡೆಯುವುದು

ಗುಟ್ಟು ಕಾಯುವುದು ಒಂದು ಕಡೆ, ನಿಮ್ಮದೇ ಕಾಗದ ನಿಮಗೇ ಸಿಗದಿರುವುದು ಇನ್ನೊಂದು ಕಡೆ. "ಅದು ಆಸ್ಪತ್ರೆಯ ಆಸ್ತಿ, ಕೊಡಲ್ಲ" ಎಂಬ ಉತ್ತರ ಕೇಳಿದವರು ಬಹಳ ಜನ. 2002ರ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು. ರೋಗಿ ಅಥವಾ ರೋಗಿ ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಜೆರಾಕ್ಸ್ ಖರ್ಚು ನಿಮ್ಮದು.

ಬಾಯಲ್ಲಿ ಕೇಳಿದರೆ 72 ಗಂಟೆಯ ಲೆಕ್ಕ ಶುರುವಾದದ್ದಕ್ಕೆ ಸಾಕ್ಷಿ ಇರುವುದಿಲ್ಲ. ಹೀಗೆ ಬರೆದುಕೊಡಿ:

*ವೈದ್ಯಕೀಯ ಅಧೀಕ್ಷಕರಿಗೆ,*
*ನಾನು ನಿಮ್ಮ ಆಸ್ಪತ್ರೆಯಲ್ಲಿ (ತಾರೀಕು) ರಿಂದ (ತಾರೀಕು) ವರೆಗೆ ಒಳರೋಗಿಯಾಗಿದ್ದೆ. ಯುಎಚ್‌ಐಡಿ ಸಂಖ್ಯೆ …, ಐಪಿ ಸಂಖ್ಯೆ …. ನನ್ನ ಕೇಸ್ ಶೀಟು, ಆಪರೇಷನ್ ಟಿಪ್ಪಣಿ, ಎಲ್ಲಾ ಲ್ಯಾಬ್ ಮತ್ತು ಸ್ಕ್ಯಾನ್ ವರದಿಗಳ ಪ್ರತಿಯನ್ನು 72 ಗಂಟೆಯೊಳಗೆ ಕೊಡಬೇಕಾಗಿ ಕೋರುತ್ತೇನೆ. ತಗಲುವ ಶುಲ್ಕ ಕಟ್ಟುತ್ತೇನೆ. ಗುರುತಿನ ಚೀಟಿಯ ಪ್ರತಿ ಲಗತ್ತಿಸಿದೆ.*

ಐಪಿ ಸಂಖ್ಯೆ ಎಂದರೆ ಅಡ್ಮಿಟ್ ಆದಾಗ ಕೊಡುವ ನಂಬರು. ಕೇಸ್ ಶೀಟು ಎಂದರೆ ವಾರ್ಡಿನಲ್ಲಿ ದಿನವೂ ಬರೆಯುವ ಹಾಳೆಗಳು. ಡಿಸ್ಚಾರ್ಜ್ ಸಮ್ಮರಿ ಅವುಗಳ ಸಾರಾಂಶ ಮಾತ್ರ, ಎರಡೂ ಒಂದೇ ಎಂದುಕೊಳ್ಳಬೇಡಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಕು, ಸಹಿ ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. ಬೇರೆಯವರನ್ನು ಕಳಿಸುವುದಾದರೆ ಅಧಿಕಾರ ಪತ್ರದಲ್ಲಿ ಅವರ ಹೆಸರು ಮಾತ್ರವಲ್ಲ, ಯಾವ ದಾಖಲೆ ಎಂಬುದನ್ನೂ ಬರೆಯಿರಿ. "ಎಲ್ಲಾ ದಾಖಲೆ" ಎಂದು ಬರೆದರೆ ಎಲ್ಲವೂ ಅವರ ಕೈ ಸೇರುತ್ತದೆ.

ಹಂತ 5: ವಾಟ್ಸಾಪು, ಜೆರಾಕ್ಸ್ ಅಂಗಡಿ, ಫೋಟೋ

ಒಮ್ಮೆ ಪ್ರಿಂಟ್ ತೆಗೆಸಲು ಅಂಗಡಿಯೊಂದರಲ್ಲಿ ನಿಂತಿದ್ದೆ. ಕಂಪ್ಯೂಟರಿನಲ್ಲಿ ಅಂಗಡಿಯ ವಾಟ್ಸಾಪ್ ತೆರೆದೇ ಇತ್ತು, ಪರದೆ ತುಂಬ ಯಾರದೋ ಬಯಾಪ್ಸಿ ರಿಪೋರ್ಟು, ಮನೆಹೆಸರು ಸಮೇತ. ಸಾಲಿನಲ್ಲಿದ್ದ ನಾಲ್ಕೂ ಜನ ಓದಿದೆವು. ನಾನೂ ಓದಿದೆ, ಕಣ್ಣು ತನಗೆ ತಾನೇ ಹೋಗುತ್ತದೆ.

ಅಂಗಡಿಯ ನಂಬರಿಗೆ ಕಳಿಸಿದ್ದನ್ನು ಪ್ರಿಂಟ್ ಕೈಗೆ ಬಂದ ಕೂಡಲೇ, ಅಲ್ಲೇ ನಿಂತು "ಎಲ್ಲರಿಗೂ ಅಳಿಸು" ಒತ್ತಿ. ಡೌನ್‌ಲೋಡ್ ಫೋಲ್ಡರಿನಿಂದಲೂ ತೆಗೆಯಲು ಅಂಗಡಿಯವರಿಗೆ ಹೇಳಿ. ವಾಟ್ಸಾಪಿನಲ್ಲಿ ಅಳಿಸಿದ ಮಾತ್ರಕ್ಕೆ ಕಂಪ್ಯೂಟರಿನಲ್ಲಿ ಇಳಿದ ಫೈಲು ಹೋಗುವುದಿಲ್ಲ. ಪೆನ್‌ಡ್ರೈವಿನಲ್ಲಿ ಒಯ್ದು, ಅದರಿಂದಲೇ ನೇರ ಪ್ರಿಂಟ್ ಕೊಡಿಸಿದರೆ ಇನ್ನೂ ಒಳ್ಳೆಯದು.

ಮಳೆಗಾಲದಲ್ಲಿ ಇನ್ನೊಂದು ಪಜೀತಿ. ಕರೆಂಟು ಹೋಗಿ, ಅದರ ಹಿಂದೆ ಟವರೂ ಹೋಗಿ, ನೆಟ್‌ವರ್ಕ್ ಸಿಗುವವರ ಫೋನಿಗೆ ರಿಪೋರ್ಟ್ ತರಿಸಿಕೊಳ್ಳುವುದು. ವಾಟ್ಸಾಪಿಗೆ ಬಂದ ಫೋಟೋ ಹಲವರ ಫೋನಿನಲ್ಲಿ ತಾನಾಗಿ ಗ್ಯಾಲರಿಗೆ ಸೇರಿಕೊಳ್ಳುತ್ತದೆ. ಅವರ ಮಗ ಮದುವೆ ಫೋಟೋ ಹುಡುಕುವಾಗ ನಿಮ್ಮ ಸಕ್ಕರೆ ಕಾಯಿಲೆಯನ್ನೂ ನೋಡುತ್ತಾನೆ. ತರಿಸಿಕೊಳ್ಳಲೇಬೇಕಾದರೆ ಕಳಿಸುವವರಿಗೆ "ಒಮ್ಮೆ ಮಾತ್ರ ನೋಡುವಂತೆ ಕಳಿಸಿ" ಎನ್ನಿ. ಫೋಟೋ ಕಳಿಸುವ ಮುನ್ನ ಪಕ್ಕದಲ್ಲಿ 1 ಎಂಬ ಗುರುತು ಕಾಣುತ್ತದಲ್ಲ, ಅದು.

ಪರಿಚಯದ ಬೇರೆ ಡಾಕ್ಟರ ಅಭಿಪ್ರಾಯ ಕೇಳಲು ನಾಲ್ಕು ಜನರ ಮೂಲಕ ಫೋಟೋ ಕಳಿಸುವುದಿದ್ದರೆ ಗುರುತು ಮುಚ್ಚಿ. ಮುಚ್ಚಬೇಕಾದ್ದು ಹೆಸರು, ಮನೆಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಫೋನ್, ಯುಎಚ್‌ಐಡಿ, ಬಾರ್‌ಕೋಡು, ಕ್ಯೂಆರ್ ಕೋಡು. ಕ್ಯೂಆರ್ ಕೋಡನ್ನು ಜನ ಮರೆಯುತ್ತಾರೆ, ಅದನ್ನು ಸ್ಕ್ಯಾನ್ ಮಾಡಿದರೆ ಇಡೀ ರಿಪೋರ್ಟು ತೆರೆಯುವ ಲ್ಯಾಬುಗಳಿವೆ. ಮುಚ್ಚಬಾರದ್ದು ವಯಸ್ಸು, ಹೆಣ್ಣೋ ಗಂಡೋ, ಪರೀಕ್ಷೆಯ ತಾರೀಕು, ಅಂಕಿ, ಅದರ ಪಕ್ಕದ ಸಹಜ ಮಿತಿ. ಇವಿಲ್ಲದಿದ್ದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ.

ಮುಚ್ಚುವ ಬಗೆಯಲ್ಲೇ ಹೆಚ್ಚು ತಪ್ಪಾಗುವುದು. ಫೋನಿನ ಹೈಲೈಟರಿನಿಂದ ಕಪ್ಪು ಬಳಿದರೆ ಅದು ತೆಳು ಬಣ್ಣ, ಫೋಟೋದ ಬೆಳಕು ಹೆಚ್ಚಿಸಿದರೆ ಅಡಿಯ ಅಕ್ಷರ ಎದ್ದು ಕಾಣುತ್ತದೆ. ಪಿಡಿಎಫ್ ಮೇಲೆ ಕಪ್ಪು ಚೌಕ ಇಟ್ಟರೆ ಅಡಿಯ ಅಕ್ಷರವನ್ನು ಕಾಪಿ ಮಾಡಿಕೊಳ್ಳಬಹುದು. ನನಗೆ ಗೊತ್ತಿರುವ ಸುಲಭ ಉಪಾಯ: ಮಾತ್ರೆಯ ಡಬ್ಬಿ ಬಿಚ್ಚಿ ರಟ್ಟನ್ನು ಅಳತೆಗೆ ಹರಿದು, ಕಾಗದದ ಮೇಲೆ ಹೆಸರಿರುವ ಜಾಗದಲ್ಲಿಟ್ಟು ಫೋಟೋ ತೆಗೆಯಿರಿ. ರಟ್ಟಿನ ಅಡಿಯಲ್ಲಿರುವುದನ್ನು ಯಾವ ಆ್ಯಪೂ ಓದಲಾರದು.

ಎಚ್ಚರಿಕೆ: ನಿಮಗೆ ಚಿಕಿತ್ಸೆ ಕೊಡುತ್ತಿರುವ ಡಾಕ್ಟರಿಗೇ ಕಳಿಸುವಾಗ ಹೆಸರು ಮುಚ್ಚಬೇಡಿ. ಒಬ್ಬರ ರಿಪೋರ್ಟು ಇನ್ನೊಬ್ಬರದರ ಜೊತೆ ಬೆರೆತರೆ ಗುಟ್ಟು ಹೋಗುವುದಕ್ಕಿಂತ ದೊಡ್ಡ ಅನಾಹುತ.

ಸಹಾಯಧನ ಕೇಳುವ ಪೋಸ್ಟರಿನ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ. ಮೂಗಿಗೆ ನಳಿಗೆ ಹಾಕಿದ ಮಗುವಿನ ಫೋಟೋ, ಶಾಲೆಯ ಹೆಸರು, ಪೂರ್ತಿ ಡಿಸ್ಚಾರ್ಜ್ ಸಮ್ಮರಿ ಇಲ್ಲದೆಯೂ ಜನ ಹಣ ಕೊಡುತ್ತಾರೆ. ಆಸ್ಪತ್ರೆಯ ಖರ್ಚಿನ ಅಂದಾಜು ಪಟ್ಟಿ, ಆಸ್ಪತ್ರೆಯದ್ದೇ ಖಾತೆ ಸಂಖ್ಯೆ, ಊರಿನಲ್ಲಿ ಎಲ್ಲರೂ ನಂಬುವ ಒಬ್ಬರ ಹೆಸರು ಇದ್ದರೆ ಸಾಕು. ಮಗು ಗುಣವಾಗಿ ಹತ್ತು ವರ್ಷವಾದರೂ ಆ ಪೋಸ್ಟರು ಎಲ್ಲೋ ಒಂದು ಗ್ರೂಪಿನಲ್ಲಿ ತಿರುಗುತ್ತಿರುತ್ತದೆ.

ಹಂತ 6: ತೋಟದ ಆಫೀಸು, ರಜೆಯ ಸರ್ಟಿಫಿಕೇಟು

ಸರ್ಕಾರಿ ನೌಕರರ ರಜೆಯ ನಿಗದಿತ ನಮೂನೆಯಲ್ಲಿ ಕಾಯಿಲೆಯ ಹೆಸರಿಗೇ ಜಾಗವಿದೆ, ಅಲ್ಲಿ ತಪ್ಪಿಸಿಕೊಳ್ಳಲಾಗದು. ಮುಚ್ಚಿದ ಲಕೋಟೆಯಲ್ಲಿ ಕೊಡಿ. ತೋಟ, ಅಂಗಡಿ, ಹೋಂಸ್ಟೇ ಕೆಲಸದವರಿಗೆ ಸಾಮಾನ್ಯವಾಗಿ "ಇಂತಿಷ್ಟು ದಿನ ಕೆಲಸಕ್ಕೆ ಅಸಮರ್ಥ" ಎಂಬ ಚೀಟಿಯೇ ಸಾಕಾಗುತ್ತದೆ. ಹಾಗೆ ಬರೆಯಿರೆಂದು ಡಾಕ್ಟರನ್ನು ಮೊದಲೇ ಕೇಳಿ. ಬರೆದ ಮೇಲೆ ತಿದ್ದಿಸುವುದು ಕಷ್ಟ. ಕೆಲಸಕ್ಕೆ ಸೇರಿಸಿಕೊಳ್ಳಲು ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡು ಬಾ ಎನ್ನುವುದಕ್ಕೆ ಯಾವ ಮಾಲೀಕರಿಗೂ ಅಧಿಕಾರವಿಲ್ಲ.

ಹಾಡಿಗಳಲ್ಲಿ ಸಿಕಲ್ ಸೆಲ್ ತಪಾಸಣೆ ಮಾಡಿಸಿಕೊಂಡವರಿಗೂ ಇದೇ ಮಾತು. ಸಿಕಲ್ ಸೆಲ್ ಎಂದರೆ ವಂಶದಲ್ಲಿ ಬರುವ, ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ತೊಂದರೆ. ಆ ಕಾರ್ಡು ಮದುವೆಗೆ ಮುಂಚೆ ಗಂಡು ಹೆಣ್ಣು ಇಬ್ಬರೂ ತಮ್ಮತಮ್ಮಲ್ಲಿ ನೋಡಿಕೊಳ್ಳಬೇಕಾದದ್ದು. ಯಾರಿಗಿದೆ ಯಾರಿಗಿಲ್ಲ ಎಂದು ಹಾಡಿಯ ಎದುರು ಪಟ್ಟಿ ಓದುವುದು ತಪ್ಪು. ಓದಿದರೆ ಅಲ್ಲೇ ತಡೆಯಿರಿ.

ಹಂತ 7: ವಿಮೆ ಮತ್ತು ಆಭಾ

ವಿಮೆ ಅರ್ಜಿಯಲ್ಲಿ ಹಳೆಯ ಕಾಯಿಲೆ ಮುಚ್ಚಿಡಬೇಡಿ. ಇದು ಖಾಸಗಿತನದ ವಿಷಯವಲ್ಲ. ಮುಚ್ಚಿಟ್ಟದ್ದು ಗೊತ್ತಾದರೆ ಕ್ಲೇಮು ತಿರಸ್ಕಾರವಾಗಬಹುದು. ಆದರೆ ಕಾಗದಗಳನ್ನು ಏಜೆಂಟರ ವಾಟ್ಸಾಪಿಗಲ್ಲ, ಆಸ್ಪತ್ರೆಯ ವಿಮೆ ಕೌಂಟರಿಗೆ ಅಥವಾ ಕಂಪನಿಯ ಆ್ಯಪಿಗೆ ಕೊಡಿ.

ಆಭಾ ಎಂದರೆ 14 ಅಂಕಿಯ ಆರೋಗ್ಯ ಖಾತೆ ಸಂಖ್ಯೆ. ಬೇರೆಬೇರೆ ಆಸ್ಪತ್ರೆಯ ದಾಖಲೆಯನ್ನು ಒಂದಕ್ಕೊಂದು ಜೋಡಿಸಲು ಮಾಡಿದ್ದು. ಉಚಿತ ಚಿಕಿತ್ಸೆಯ ಆಯುಷ್ಮಾನ್ ಕಾರ್ಡು ಬೇರೆ, ಇದು ಬೇರೆ. ಇಬ್ಬರಲ್ಲಿ ಒಬ್ಬರು ಎರಡನ್ನೂ ಒಂದೇ ಎಂದುಕೊಂಡಿರುತ್ತಾರೆ ಎನ್ನಿಸುತ್ತದೆ ನನಗೆ. ಆಭಾ ಕಡ್ಡಾಯವಲ್ಲ. ಇದ್ದರೂ ನೀವು ಆ್ಯಪಿನಲ್ಲಿ ಒಪ್ಪಿಗೆ ಕೊಟ್ಟರೆ ಮಾತ್ರ ಇನ್ನೊಂದು ಆಸ್ಪತ್ರೆಗೆ ದಾಖಲೆ ಕಾಣುತ್ತದೆ. ಒಪ್ಪಿಗೆಗೆ ಅವಧಿ ಇಡಬಹುದು, ವಾಪಸ್ಸೂ ಪಡೆಯಬಹುದು. ಶಿಬಿರಗಳಲ್ಲಿ ಮಾಡಿಸುವಾಗ ಮತ್ತೆ ಅದೇ ಎಚ್ಚರಿಕೆ: ಯಾರ ಮೊಬೈಲಿಗೆ ಜೋಡಿಸುತ್ತಿದ್ದಾರೆ ಎಂದು ನೋಡಿ, ಒಟಿಪಿಯನ್ನು ಫೋನಿನಲ್ಲಿ ಕೇಳಿದ ಯಾರಿಗೂ ಹೇಳಬೇಡಿ.

ಹಂತ 8: ಗುಟ್ಟು ಉಳಿಯದ ಸಂದರ್ಭಗಳು

ಕ್ಷಯದಂತಹ ಕೆಲವು ಕಾಯಿಲೆಗಳನ್ನು ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕು. ನ್ಯಾಯಾಧೀಶರ ಆದೇಶವಿದ್ದರೆ ಕೋರ್ಟಿಗೆ ಹೇಳಬೇಕು. ನಿರ್ದಿಷ್ಟ ವ್ಯಕ್ತಿಯೊಬ್ಬರ ಜೀವಕ್ಕೆ ಗಂಭೀರ ಅಪಾಯವಿದ್ದರೂ ಹೇಳಬಹುದು. 18 ತುಂಬದ ಹುಡುಗಿ ಗರ್ಭಿಣಿಯಾಗಿ ಬಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಬೇಕು. ಆದರೆ ಗರ್ಭಪಾತಕ್ಕೆ ಬಂದಾಗ ಹುಡುಗಿ ಮತ್ತು ಪೋಷಕರು ಕೋರಿದರೆ ಹೆಸರು, ಗುರುತು ಬಿಟ್ಟುಕೊಡಬೇಕಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಭಯಕ್ಕೆ ಆಸ್ಪತ್ರೆ ಬಿಟ್ಟು ನಾಟಿ ಮದ್ದಿಗೆ ಹೋಗಬೇಡಿ.

ಸರ್ಕಾರಕ್ಕೆ ತಿಳಿಸುವುದು ಬೇರೆ, ಊರಿಗೆ ಸಾರುವುದು ಬೇರೆ. ಕೋವಿಡ್ ಕಾಲದಲ್ಲಿ ಮನೆ ಬಾಗಿಲಿಗೆ ನೋಟಿಸ್ ಅಂಟಿಸಿದ್ದು ನೆನಪಿದೆಯಲ್ಲ? ಸಕ್ಷಮ ಅಧಿಕಾರಿಯ ನಿರ್ದಿಷ್ಟ ಆದೇಶವಿಲ್ಲದೆ ಹಾಗೆ ಅಂಟಿಸುವಂತಿಲ್ಲ ಎಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿತು.

ಹಂತ 9: ಹೊರಬಿದ್ದೇ ಬಿಟ್ಟರೆ

ಮೊದಲು ಜಗಳಕ್ಕೆ ಹೋಗಬೇಡಿ, ಸ್ಕ್ರೀನ್‌ಶಾಟ್ ತೆಗೆಯಿರಿ. ಕಳಿಸಿದವರ ನಂಬರು, ತಾರೀಕು, ಗಂಟೆ, ಗ್ರೂಪಿನ ಹೆಸರು ಎಲ್ಲ ಕಾಣಬೇಕು. ಆಮೇಲೆ ಗ್ರೂಪ್ ಅಡ್ಮಿನ್‌ಗೆ ಹೇಳಿ ಅಳಿಸಿಸಿ. ಬೇರೆಯವರು ಹಾಕಿದ್ದನ್ನೂ ಎಲ್ಲರ ಫೋನಿನಿಂದ ಅಳಿಸುವ ಅಧಿಕಾರ ಅಡ್ಮಿನ್‌ಗಿದೆ. ಈ ಎರಡರ ಕ್ರಮ ತಪ್ಪಿದರೆ ಸಾಕ್ಷಿ ಕೈತಪ್ಪುತ್ತದೆ.

ನಂತರ ಆಸ್ಪತ್ರೆಗೆ ಲಿಖಿತ ದೂರು. ಅಲ್ಲಿ ಕೆಲಸವಾಗದಿದ್ದರೆ:

ಖಾಸಗಿ ಆಸ್ಪತ್ರೆ, ಲ್ಯಾಬು, ಕ್ಲಿನಿಕ್ ಆದರೆ ಕೆಪಿಎಂಇ ಕಾಯ್ದೆಯಡಿಯ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ. ಜಿಲ್ಲಾಧಿಕಾರಿಗಳು ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ಎರಡೂ ಕಚೇರಿ ಮಡಿಕೇರಿಯಲ್ಲೇ ಇವೆ. ಸರ್ಕಾರಿ ಆರೋಗ್ಯ ಕೇಂದ್ರವಾದರೆ ನೇರ ಜಿಲ್ಲಾ ಆರೋಗ್ಯಾಧಿಕಾರಿಗೆ. ಗುಟ್ಟು ಬಿಟ್ಟುಕೊಟ್ಟವರು ವೈದ್ಯರೇ ಆಗಿದ್ದರೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಹಣ ಕೊಟ್ಟು ಪಡೆದ ಚಿಕಿತ್ಸೆಯಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು, 2 ವರ್ಷದೊಳಗೆ. ಮೊದಲು ವಿಚಾರಿಸಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಫೋಟೋ ಹರಿಬಿಟ್ಟು ಹೆದರಿಸುವುದು, ದುಡ್ಡು ಕೇಳುವುದು ಶುರುವಾದರೆ ಮಡಿಕೇರಿಯ ಸಿಇಎನ್ ಠಾಣೆಗೆ, ಅಂದರೆ ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆಗೆ ಹೋಗಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ದೂರಿನಲ್ಲಿ ಕಾಯಿಲೆಯ ಹೆಸರು ಬರೆಯಬೇಡಿ! "ನನ್ನ ವೈದ್ಯಕೀಯ ವರದಿ" ಎಂದರೆ ಸಾಕು. ದೂರಿನ ಅರ್ಜಿಯೇ ಟಪಾಲು ವಿಭಾಗದಿಂದ ಶುರುವಾಗಿ ಐದು ಮೇಜು ದಾಟಿ ಹೋಗುತ್ತದೆ.

ಹಂತ 10: ಹಳೆಯ ಕಾಗದ

ನಮ್ಮ ಮಳೆಗೆ ಫೈಲುಗಳಿಗೆ ಬೂಷ್ಟು ಹಿಡಿಯುತ್ತದೆ, ಇಸಿಜಿ ಹಾಳೆಯ ಗೀರುಗಳು ಕೆಲವೇ ವರ್ಷದಲ್ಲಿ ಮಾಸಿಹೋಗುತ್ತವೆ. ಜೂನ್‌ಗೆ ಮುಂಚೆ ಒಂದು ಬಿಸಿಲಿನ ದಿನ ಎಲ್ಲ ತೆಗೆದು ಫೋಟೋ ಮಾಡಿಡಿ. ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ಟಿಪ್ಪಣಿ, ಬಯಾಪ್ಸಿ, ಮಕ್ಕಳ ಲಸಿಕೆ ಕಾರ್ಡು, ಅಲರ್ಜಿ ಚೀಟಿ ಎಂದಿಗೂ ಎಸೆಯಬೇಡಿ. ಹಳೆಯ ಮೆಡಿಕಲ್ ಬಿಲ್ಲು, ಎರಡೆರಡು ಪ್ರತಿಯಿರುವ ಲ್ಯಾಬ್ ಹಾಳೆಗಳನ್ನು ಗುಜರಿಗೆ ಕೊಡಬೇಡಿ. ಅವು ಪೊಟ್ಟಣವಾಗಿ ಅಂಗಡಿಯಿಂದ ಊರಿಗೇ ವಾಪಸ್ಸು ಬರುತ್ತವೆ. ಸ್ನಾನದ ಹಂಡೆಯ ಒಲೆಗೆ ಹಾಕಿ. ಎಕ್ಸ್‌ರೇ ಫಿಲ್ಮನ್ನು ಮಾತ್ರ ಒಲೆಗೆ ಹಾಕಬೇಡಿ, ಅದು ಪ್ಲಾಸ್ಟಿಕ್ಕು. ಹೆಸರಿರುವ ಮೂಲೆಯನ್ನು ಕತ್ತರಿಯಿಂದ ಚೂರು ಮಾಡಿ, ಉಳಿದದ್ದನ್ನು ಒಣ ಕಸದ ಗಾಡಿಗೆ ಕೊಡಿ.